ನಿಂತಲ್ಲೇ ಓಡಿದ ಬಸ್ಸು

ನಾನು ಒಂದು ಮಿನಿಬಸ್ಸು. ಹಾಗೆನ್ನುವುದು ನನ್ನ ವಿನಯ. ನಿಜಕ್ಕೆ ನಾನು ಚಕ್ರವಿರುವ ಅರಮನೆ. ನಾನು ಹುಟ್ಟಿದ ದಿನ ಕಾರ್ಖಾನೆಯ ಸೈರನ್ನು ಯಾರೂ ಮುಟ್ಟದೆ ತಾನಾಗಿ ಕೂಗಿತು. ವೆಲ್ಡಿಂಗ್ ಮಾಡುತ್ತಿದ್ದವರೆಲ್ಲ ಕನ್ನಡಕ ತೆಗೆದು, ಇಂಥ ಗಾಡಿ ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಅದೇ ದಿನ ನನ್ನಂಥವೇ ಇನ್ನೂ ನಾನ್ನೂರು ಹೊರಬಂದವು ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಕಿಚ್ಚಿನವರು ಏನು ಬೇಕಾದರೂ ಹೇಳಲಿ.

ಮೊದಲ ಯಜಮಾನ ಮೈಸೂರಿನ ಒಬ್ಬ ಟೂರಿಸ್ಟ್ ಸಾಹುಕಾರ. ಆಗ ನಾನು ಚಾಮುಂಡಿ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತಿದ್ದೆ. ನಾನು ಬರುತ್ತಿದ್ದೇನೆಂದು ತಿಳಿದರೆ ಬೆಟ್ಟವೇ ಕೊಂಚ ಬಗ್ಗುತ್ತಿತ್ತು. ಆಮೇಲೆ ಒಂದು ಶಾಲೆಯವರು ನನ್ನನ್ನು ಕೊಂಡರು. ಮಕ್ಕಳು ನನ್ನ ಸೀಟಿನಡಿ ಅಂಟಿಸಿದ ಚೂಯಿಂಗ್ ಗಮ್ಮಿನಲ್ಲಿ ಒಂದು ಅಣೆಕಟ್ಟು ಕಟ್ಟಬಹುದಿತ್ತು. ಎರಡು ಕಡೆಯೂ ನನ್ನ ಡ್ರೈವರು ಒಬ್ಬನೇ, ಜವರಯ್ಯ. ಗಾಡಿ ಕೈ ಬದಲಾದಾಗ ಅವನೂ ಸ್ಟೆಪ್ನಿ ಟೈರಿನಂತೆ ಜೊತೆಗೇ ಬಂದಿದ್ದ. ಕೊನೆಗೊಂದು ದಿನ ಶಾಲೆಯವರು ಇಬ್ಬರಿಗೂ ವಯಸ್ಸಾಯಿತು ಎಂದರು. ಅವನು ನನ್ನನ್ನು ಕೊಂಡುಕೊಂಡ. ನಾನು ಅವನನ್ನು ಕೊಂಡೆ ಎಂದರೂ ತಪ್ಪಿಲ್ಲ.

ಜವರಯ್ಯನ ಹೆಂಡತಿ ಚಿಕ್ಕತಾಯಮ್ಮ ತೋಟಗಾರಿಕೆಯವರ ಬಳಿ ಹೂವಿನ ಸಸಿ ಎಬ್ಬಿಸುವ ಕೆಲಸದವಳು. ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಕೆಲಸಗಳೆಲ್ಲ ಹಂಗಾಮಿನವು. ಪಾರ್ಕಿನವರು ಕೆಲಸ ಕೊಡುತ್ತಾರೆ, ಮಲಗಲು ಜಾಗ ಕೊಡುವುದಿಲ್ಲ. "ಮನೇನೇ ಜೊತೇಲಿ ತಕ್ಕೊಂಡೋದ್ರೆ?" ಎಂದವಳು ಅವಳೇ. ಡ್ರೈವರನ ಸೀಟು, ಅದರ ಪಕ್ಕದ ಸೀಟು ಬಿಟ್ಟು ಉಳಿದವನ್ನೆಲ್ಲ ಕಿತ್ತರು. ಮಂಚ ಬಂತು, ಗ್ಯಾಸ್ ಒಲೆ ಬಂತು, ನೀರಿನ ಡ್ರಮ್ಮು, ದೇವರ ಗೂಡು, ಉಪ್ಪಿನಕಾಯಿ ಜಾಡಿ ಬಂದವು. ದೆಹಲಿಯ ದೊಡ್ಡವರ ಬಂಗಲೆಗಳಲ್ಲೂ ಅಷ್ಟು ಅನುಕೂಲ ಇರಲಾರದು.

ಮಳೆ ನಿಂತ ಮೇಲೆ ಕಾವೇರಿ ದಂಡೆಯ ಪಕ್ಷಿಧಾಮ. ಅವನು ದೋಣಿ ನಡೆಸುತ್ತಿದ್ದ, ಅವಳು ದಾರಿ ಗುಡಿಸುತ್ತಿದ್ದಳು. ಜನವರಿಯಲ್ಲಿ ಫಲಪುಷ್ಪ ಪ್ರದರ್ಶನ. ಶಿವರಾತ್ರಿಯ ಹೊತ್ತಿಗೆ ಹುಲಿಕಾಡಿನ ಅಂಚಿನಲ್ಲಿ ಬೆಂಕಿ ಕಾವಲು. ಮುಂಗಾರಿಗೆ ಜಲಪಾತದ ಪಾರ್ಕಿನಲ್ಲಿ ಗೇಟು ಕಾಯುವುದು. ಮತ್ತೆ ಹೊಳೆ. ಹೀಗೆ ಸುತ್ತಿ ಸುತ್ತಿ ನಾನು ಭೂಮಿಗೇ ಸುತ್ತುವುದನ್ನು ಕಲಿಸಿಕೊಟ್ಟೆ.

ಎಲ್ಲಿ ನಿಂತರೂ ಚಿಕ್ಕತಾಯಮ್ಮನದು ಒಂದೇ ಹಟ. ಮನೆಯ ಬಾಗಿಲು ಮೂಡಲಿಗಿರಬೇಕು.

"ಇನ್ನೊಸಿ ಹಿಂದಕ್ಕೆ. ಇನ್ನೊಸಿ. ಅಯ್ಯೋ, ನೀವೇನು ಇಸ್ಕೂಲ್ ಮಕ್ಳನ್ನ ಇಂಗೇ ಇಳಿಸ್ತಿದ್ದುದ್ದಾ?"

"ಸೂರ್ಯ ಬಂದು ಬಾಗ್ಲು ತಟ್ಟಿ ಕಾಪಿ ಕೇಳ್ತಾನಾ ಕನೆ?" ಎಂದು ಗೊಣಗುತ್ತಲೇ ಜವರಯ್ಯ ಸ್ಟೇರಿಂಗು ತಿರುಗಿಸುತ್ತಿದ್ದ. ನಾನು ಮುಂದೆ ಹಿಂದೆ ಸರಿದು ಸರಿದು, ಕೊನೆಗೆ ಸೂರ್ಯನೇ ಬೇಸತ್ತು ನನ್ನ ಬಾಗಿಲ ಎದುರಿಗೆ ಬಂದು ನಿಲ್ಲುತ್ತಿದ್ದ.

ನನಗೆ ಮನುಷ್ಯರ ಮುಖಕ್ಕಿಂತ ಪಾದ ಹೆಚ್ಚು ಪರಿಚಯ. ನನ್ನ ಮೆಟ್ಟಿಲನ್ನು ಮೊದಲು ಮುಟ್ಟುವುದೇ ಅದು. ಜವರಯ್ಯನದು ಬ್ರೇಕು ತುಳಿದು ತುಳಿದು ಚಪ್ಪಟೆಯಾದ ಪಾದ. ಚಿಕ್ಕತಾಯಮ್ಮನದು ಬಿರುಕು ಬಿಟ್ಟ ಹಿಮ್ಮಡಿಯ ಸಣ್ಣ ಪಾದ. ಕೆಳಗಿಡುವ ಮುನ್ನ ನೆಲವನ್ನು ಒಮ್ಮೆ ಸವರಿ ನೋಡುತ್ತಿತ್ತು. ಮರಳೋ, ಹುಲ್ಲೋ, ಒಣ ಎಲೆಯೋ ಎಂದು ತಿಳಿದೇ ಊರುತ್ತಿತ್ತು. ಒಂದು ವರ್ಷ ಆ ಸವರಿ ನೋಡುವುದು ನಿಂತುಹೋಯಿತು. ಅದನ್ನು ಲೋಕದಲ್ಲಿ ಮೊದಲು ಗಮನಿಸಿದವನು ನಾನೇ. ಡಾಕ್ಟರರು ಹೇಳುವುದಕ್ಕೂ ಮೊದಲು.

ಜಲಪಾತದ ಪಾರ್ಕಿನಲ್ಲಿ ಒಂದು ಬೆಳಿಗ್ಗೆ ಅವಳು ಕಿಟಕಿ ತೆರೆದು, "ಹಕ್ಕಿ ಸದ್ದೇ ಇಲ್ವಲ್ಲ ಇವತ್ತು?" ಎಂದಳು. ಜವರಯ್ಯ ನಕ್ಕ. "ಹಕ್ಕಿ ಒಳೆ ಬುಟ್ಟು ಬಂದು ಏಸು ತಿಂಗ್ಳಾಯ್ತು ಕನೆ." ಅವಳೂ ನಕ್ಕಳು. ಆ ನಗು ಒಂದು ಗೇರು ತಡವಾಗಿ ಬಂತು.

ಮುಂದಿನ ಶಿವರಾತ್ರಿಗೆ ಕಾಡಿಗೆ ಹೋದಾಗ, ಅವಳ ಜಾಗ ತಪ್ಪಿದ ಮಾತು ಕೇಳಿದ ಕಾಡಿನ ಗಾರ್ಡ್ ಉಗ್ರಪ್ಪ ಜವರಯ್ಯನನ್ನು ಮರೆಗೆ ಕರೆದ. ಹೆಸರಿಗೆ ಉಗ್ರಪ್ಪ, ಮಾತು ಮಾತ್ರ ಹತ್ತಿ.

"ಜವರಣ್ಣ, ಅಮ್ಮನ್ನ ಯಾರ ಮನೇಲಾದ್ರೂ ಬುಟ್ಟು ಬರೋದಲ್ವಾ?"

"ಮನೇಲೇ ಬುಟ್ಟಿವ್ನಿ ಸಾ," ಎಂದು ಜವರಯ್ಯ ನನ್ನ ಕಡೆ ಕೈ ತೋರಿಸಿದ.

ನನಗೆ ಆಗ ಬಂದ ಹೆಮ್ಮೆಗೆ ನಾಲ್ಕೂ ಟೈರು ಊದಿಕೊಂಡವು. ಅವನಿಗೆ ಇದ್ದದ್ದು ಒಂದೇ ಭಯ. ಅವಳನ್ನು ಎಲ್ಲಾದರೂ ಬಿಟ್ಟು ಬಂದರೆ, ತಾನು ಮರಳುವಷ್ಟರಲ್ಲಿ ಅವಳ ತಲೆಯೊಳಗೆ ತಾನು ಉಳಿದಿರುವುದಿಲ್ಲ ಎಂದು. ಅದಕ್ಕೇ ಬಿಡಲಿಲ್ಲ.

ಒಂದು ಮುಂಜಾನೆ ಗುಡ್ಡದ ಮೇಲೆ ಹೊಗೆ ಕಂಡಿತು. ಹಸಿಸೊಪ್ಪಿನ ಕೊಂಬೆ ಹಿಡಿದು ಕಾವಲಿನವರೆಲ್ಲ ಓಡಿದರು. ಚಿಕ್ಕತಾಯಮ್ಮ ಮಲಗಿದ್ದಾಳೆಂದು ಜವರಯ್ಯ ಬಾಗಿಲು ಒರಗಿಸಿ ಹೋದ. ಸೂರ್ಯ ಹುಟ್ಟಿದಾಗ ಅವಳು ಎದ್ದಳು. ಅದೇ ಮಂಚ, ಅದೇ ಒಲೆ, ಅದೇ ದೇವರ ಗೂಡು. ಬಾಗಿಲಲ್ಲಿ ಅದೇ ಬಿಸಿಲು. ಹೊಳೆ ದಂಡೆಯಲ್ಲಿ ನಾವು ನಿಲ್ಲುತ್ತಿದ್ದ ಜಾಗದಲ್ಲಿ ಬಾಗಿಲಿಂದ ನೇರ ಬಿಸಿಲಿಗೆ ಎದುರಾಗಿ ನಡೆದರೆ ಕಾವೇರಿ ಸಿಗುತ್ತಿತ್ತು. ಅವಳು ಬಿಂದಿಗೆ ಎತ್ತಿಕೊಂಡಳು. ಅವಳ ಪಾದ ಒಣ ಎಲೆಯ ಮೇಲೆ, ಮರಳಿನ ಮೇಲೆ ಇಟ್ಟ ಹಾಗೆ ಊರಿತು. ನೆಟ್ಟಗೆ ಕಾಡಿನೊಳಗೆ ಹೋದಳು.

ನನ್ನ ಹಾರ್ನು ಮೂರು ಜಿಲ್ಲೆಗೆ ಕೇಳುತ್ತದೆ. ಒತ್ತುವವರು ಬೇಕಷ್ಟೆ.

ಜವರಯ್ಯ ಮರಳಿದ್ದು ಬಿಸಿಲು ನೆತ್ತಿಗೇರಿದ ಮೇಲೆ, ಮೈಯೆಲ್ಲ ಮಸಿ. ಮಂಚ ನೋಡಿದ, ಬಿಂದಿಗೆ ಇಲ್ಲದ ಮೂಲೆ ನೋಡಿದ. ಬಾಗಿಲಲ್ಲಿ ನಿಂತು ಮೂಡಲ ದಿಕ್ಕು ನೋಡಿದ. ಆಗ ಅವನಿಗೆ ತಿಳಿಯಿತು. ನನ್ನನ್ನು ಅವನು ಎಂದೂ ಹಾಗೆ ಓಡಿಸಿರಲಿಲ್ಲ. ಉಗ್ರಪ್ಪ ಓಡುತ್ತಲೇ ಹತ್ತಿದ. ಹಾರ್ನ್ ಮಾಡಬಾರದೆಂದು ಹಲಗೆ ಹಾಕಿರುವ ಕಾಡಿನಲ್ಲಿ ಜವರಯ್ಯ ಹಾರ್ನಿನಿಂದ ಕೈ ತೆಗೆಯಲಿಲ್ಲ, ಗಾರ್ಡು ಬೇಡವೆನ್ನಲಿಲ್ಲ. ಬೆಂಕಿ ಹರಡದಂತೆ ಮೊದಲೇ ಸುಟ್ಟಿಟ್ಟ ಬೆಂಕಿರೇಖೆಯ ಬೂದಿಯನ್ನು ಎಬ್ಬಿಸಿಕೊಂಡು ಓಡಿದೆ.

ಬೇಸಿಗೆಯಲ್ಲಿ ಪ್ರಾಣಿಗಳಿಗೆಂದು ಟ್ಯಾಂಕರಿನಲ್ಲಿ ನೀರು ತುಂಬುವ ಒಂದು ಗುಂಡಿ ಇದೆ. ಅದರ ಅಂಚಿನಲ್ಲಿ ಅವಳು ಕೂತಿದ್ದಳು. ಸುತ್ತ ಏಳು ಹುಲಿ, ನಲವತ್ತು ಆನೆ ನಿಂತಿದ್ದವು ಎಂದು ನಾನು ಹೇಳಬಹುದಿತ್ತು. ಇರಲಿಲ್ಲ. ಒಂದು ಕಾಗೆ ಇತ್ತು. ಅವಳ ಪಾದದಲ್ಲಿ ರಕ್ತ ಒಣಗಿತ್ತು. ಬಿಂದಿಗೆ ತುಂಬಿತ್ತು.

"ನೋಡಿ, ಒಳೆ ಎಂಗೆ ಬತ್ತೋಗದೆ," ಎಂದಳು. "ದೋಣಿ ಎಲ್ಲಿ?"

ಜವರಯ್ಯ ಅವಳ ಪಕ್ಕ ಕೂತ. "ದೋಣಿ ರಿಪೇರಿಗೆ ಹೋಗದೆ ಕನೆ," ಎಂದ.

ಉಗ್ರಪ್ಪ ಬಿಂದಿಗೆ ಹೊತ್ತು ತಂದು ನನ್ನೊಳಗಿಟ್ಟ. "ಇನ್ನು ಇಲ್ಲಿಗೆ ಕರ್ಕೊಂಡು ಬರಬ್ಯಾಡ ಜವರಣ್ಣ," ಎಂದ. "ಬೈತಾ ಇಲ್ಲ."

ಆ ವಾರವೇ ನಾವು ಹೊಳೆ ದಂಡೆಗೆ ಬಂದೆವು. ಪಕ್ಷಿಧಾಮದ ದೋಣಿಯವನು ಸಣ್ಣಿಂಗ ತನ್ನ ಹೊಲದ ಮೂಲೆಯಲ್ಲಿ, ಒಂದು ಹೊಂಗೆ ಮರದ ಕೆಳಗೆ ಜಾಗ ಕೊಟ್ಟ. ಜವರಯ್ಯ ನನ್ನ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿದ. ಹುಲಿಕಾಡು, ಜಲಪಾತ, ಫಲಪುಷ್ಪ ಎಲ್ಲವನ್ನೂ ಬಿಟ್ಟ. ಇನ್ನು ಅವಳು ಯಾವ ಬೆಳಿಗ್ಗೆ ಇಳಿದರೂ ಹೊಳೆ ಅಲ್ಲೇ ಇರುತ್ತದೆ. ಇನ್ನು ಅವಳ ಎಣಿಕೆ ತಪ್ಪಾಗಲು ಸಾಧ್ಯವೇ ಇಲ್ಲ ಎಂಬುದು ಅವನ ಲೆಕ್ಕ. ಮೂರು ಲೋಕ ಸುತ್ತಿದ ನನ್ನನ್ನು ಒಂದು ಹೊಂಗೆ ಮರಕ್ಕೆ ಕಟ್ಟಿಹಾಕಿದ್ದಕ್ಕೆ ನಾನು ಒಂದು ಮಾತೂ ಆಡಲಿಲ್ಲ.

ಆದರೆ ಹಂಗಾಮಿಗೊಮ್ಮೆ ಹೊರಟು ಹೊರಟು ಅಭ್ಯಾಸವಾದ ಜೀವ. ಕೆಲವು ದಿನ ಕಳೆಯುವಷ್ಟರಲ್ಲಿ ಅವಳು ಬೆಳಿಗ್ಗೆ ಎದ್ದು ಗಂಟು ಕಟ್ಟತೊಡಗಿದಳು. "ಹೊರಡೋದು ಯಾವಾಗ? ಕೆಲ್ಸ ಬ್ಯಾರೆಯೋರ ಪಾಲಾಯ್ತದೆ." ಹೊರಡುವುದಿಲ್ಲ ಎಂದರೆ ಅಳುತ್ತಿದ್ದಳು, ಗಂಟು ಹಿಡಿದು ರಸ್ತೆಗೆ ಹೋಗುತ್ತಿದ್ದಳು. ಒಂದು ದಿನ ಜವರಯ್ಯ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಾನು ಸ್ಟೇರಿಂಗು ಹಿಡಿದು, ನನ್ನನ್ನು ಸ್ಟಾರ್ಟ್ ಮಾಡಿದ. ನಾನು ನಿಂತಲ್ಲೇ ಗುಡುಗಿದೆ, ನಡುಗಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅವನು ಎಂಜಿನ್ ಆರಿಸಿ, "ಬಂದೋ ನೋಡು," ಎಂದ.

ಅವಳು ಇಳಿದು ಸುತ್ತ ನೋಡಿದಳು. "ಈ ಜಾಗ ಪಸಂದಾಗದೆ. ಒಳೆ ಪಕ್ಕಾನೇ!"

ಅಂದಿನಿಂದ ದಿನವೂ ಹೊರಟೆವು, ದಿನವೂ ಅಲ್ಲಿಗೇ ಬಂದು ಸೇರಿದೆವು. ಒಂದು ಅಂಗುಲ ಕದಲದೆ ನಾನು ಓಡಿದ ದೂರ ಯಾವ ಗಾಡಿಯೂ ಓಡಿಲ್ಲ.

ಆ ಮಳೆಗಾಲದಲ್ಲಿ ಹೊಳೆ ಹೊಲಕ್ಕೆ ಬಂತು. ಸಣ್ಣಿಂಗ ಅವರಿಬ್ಬರನ್ನೂ ದೋಣಿಯಲ್ಲಿ ಕರೆದೊಯ್ದು ತನ್ನ ಮನೆಯಲ್ಲಿಟ್ಟುಕೊಂಡ. ನಾನು ಸಮುದ್ರದ ನಡುವಿನ ಹಡಗಿನಂತೆ ನಿಂತೆ. ನೀರು ನನ್ನ ಬಂಪರಿಗೆ ಮಾತ್ರ ಬಂದಿತ್ತು ಎಂದು ಸಣ್ಣಿಂಗ ಈಗಲೂ ಹೇಳುತ್ತಾನೆ. ಬಂಪರೋ ಮೋಡವೋ, ಎಂಜಿನ್ ಹೋಯಿತು. ನೀರಿಳಿದು ಅವರಿಬ್ಬರೂ ನನ್ನೊಳಗೆ ಮರಳಿದ ಮೇಲೆ ಮೆಕ್ಯಾನಿಕ್ ಬಂದು ಬಾನೆಟ್ ತೆಗೆದು ನೋಡಿ, ಹಾಗೇ ಮುಚ್ಚಿದ.

ಮರುದಿನ ಬೆಳಿಗ್ಗೆ ಅವಳು ಗಂಟು ಕಟ್ಟಿಕೊಂಡು ಬಂದು ಸೀಟಿನಲ್ಲಿ ಕೂತಳು. ಜವರಯ್ಯ ಕೀ ತಿರುಗಿಸಿದ. ಏನೂ ಇಲ್ಲ. ಅವನು ಒಮ್ಮೆ ಹಿಂದೆ ಮುಂದೆ ನೋಡಿ, ತುಟಿ ಕೂಡಿಸಿ, "ಡುರ್ರ್ರ್," ಎಂದ. ಸಿಂಹದಂಥ ನನ್ನ ಗರ್ಜನೆಗೆ ಎಂಥ ಅವಮಾನ! ಸೀಟು ಅಲುಗಲೆಂದು ಕಾಲಲ್ಲಿ ನೆಲ ಒದೆಯುತ್ತ, ಉಗುಳು ಸಿಡಿಸುತ್ತ, ಆ ಮುದುಕ ಗೇರು ಬದಲಾಯಿಸಿದ.

"ಗಾಡಿಗೆ ಯಾಕೋ ಕೆಮ್ಮು ಬಂದಂಗದೆ," ಎಂದಳು ಚಿಕ್ಕತಾಯಮ್ಮ.

"ಚಳಿ ಅಲ್ವಾ," ಎಂದು ಅವನು ಮತ್ತೆ ಡುರ್ರ್ರ್ ಎಂದ.

ಈಗ ನನ್ನ ಟೈರುಗಳು ಮಣ್ಣಿನೊಳಗಿವೆ. ಹೊಂಗೆಯ ಬೇರು ನನ್ನ ಹಿಂದಿನ ಆಕ್ಸಲ್ಲನ್ನು ತಬ್ಬಿದೆ. ಈ ಮರ ನಿಂತಿರುವುದೇ ನನ್ನ ಆಸರೆಯಲ್ಲಿ. ಗುಜರಿಯವನು ಎರಡು ಸಲ ಬಂದು ನನ್ನ ಮೈ ತಟ್ಟಿ ನೋಡಿ ಹೋದ. ಜವರಯ್ಯ ಒಳಗಿನಿಂದಲೇ, "ಗಾಡಿ ರನ್ನಿಂಗ್‌ನಲ್ಲಿ ಅದೆ, ಹೋಗಯ್ಯ," ಎಂದು ಕೂಗಿದ.

ಮೊನ್ನೆ ಬೆಳಿಗ್ಗೆಯೂ ಹೊರಟೆವು. ಅರ್ಧ ದಾರಿಯಲ್ಲಿ ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು, ಪರವೂರಿನವರೊಡನೆ ಮಾತಾಡುವಂತೆ, "ಡ್ರೈವರಣ್ಣ," ಎಂದಳು.

ಜವರಯ್ಯನ ಬಾಯಿಯ ಎಂಜಿನ್ ನಿಂತಿತು.

"ಒಸಿ ಬಿರ್ನೆ ಹೊಡೀರಿ ಡ್ರೈವರಣ್ಣ. ನಮ್ಮ ಯಜಮಾನ್ರು ಒಳೆ ತಾವು ಕಾಯ್ತಾವ್ರೆ. ಊಟ ಮಾಡಿರಾಕಿಲ್ಲ ಅವ್ರು, ನಾನು ಬರೋಗಂಟ."

ಅವನ ಕೈ ಸ್ಟೇರಿಂಗಿನ ಮೇಲೆ ಹಾಗೇ ಇತ್ತು. ಹೊಂಗೆ ಹೂ ಮುಂದಿನ ಗಾಜಿನ ಮೇಲೆ ಉದುರುತ್ತಿತ್ತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು, ಹೊಸ ಗಾಡಿಯಂತೆ ಜೋರಾಗಿ ಡುರ್ರ್ರ್ ಎಂದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಸದ್ದು ಒಡೆಯದಂತೆ ಓಡಿಸಿದ. ಕೊನೆಗೆ ಬ್ರೇಕು ತುಳಿದು, "ಬಂತು ಕನವ್ವಾ. ನಿಮ್ಮ ಜಾಗ ಬಂತು. ನಿದಾನಕ್ಕೆ ಇಳೀರಿ," ಎಂದ.

ಅವಳು ಗಂಟು ಎತ್ತಿಕೊಳ್ಳುವಷ್ಟರಲ್ಲಿ ಅವನು ತನ್ನ ಕಡೆಯ ಬಾಗಿಲಿನಿಂದ ಇಳಿದ. ಆ ಚಪ್ಪಟೆ ಪಾದಗಳು ಬರಿಗಾಲಲ್ಲಿ ನನ್ನ ಮೂತಿಯನ್ನು ಸುತ್ತಿಕೊಂಡು ಓಡಿದ ವೇಗದಲ್ಲಿ ನಾನು ನನ್ನ ಹರೆಯದಲ್ಲೂ ಓಡಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಅವಳು ಈ ಕಡೆಯ ಬಾಗಿಲು ತೆರೆದಾಗ ಅವನು ಮೆಟ್ಟಿಲ ಕೆಳಗೆ ಏದುಸಿರು ಬಿಡುತ್ತ, ಕೈ ಚಾಚಿ ನಿಂತಿದ್ದ.

"ಬಂದ್ಯಾ?" ಎಂದ. "ಎಷ್ಟೊತ್ತಿಂದ ಕಾಯ್ತಾವ್ನಿ ಕನೆ."