ಎಲ್ಲ ಸ್ಟಾಪಿನಲ್ಲೂ ನಿಲ್ಲುವ ವ್ಯಾನು

ಭಾವ ಚುನಾವಣೆಗೆ ನಿಂತದ್ದು ದೇವರು ಹೇಳಿದ ಅಂತ. ದೇವರು ಸ್ಪ್ಯಾನರ್‌ಗೆ ಏನೂ ಹೇಳಿರಲಿಲ್ಲ. ಆದರೂ ವ್ಯಾನು ಅವನದೇ, ಡೀಸೆಲ್ಲು ಅವನದೇ, ಸ್ಟೀರಿಂಗ್ ಹಿಡಿದು ಬಿಸಿಲಲ್ಲಿ ಬೇಯುವ ತಲೆಯೂ ಅವನದೇ.

ಸ್ಪ್ಯಾನರ್ ಅಂತ ಹೆಸರಿಟ್ಟವರು ಗ್ಯಾರೇಜಿನ ಬೀದಿಯವರು. ಸ್ಕೂಲಿಗೆ ಅರ್ಧಕ್ಕೇ ಕೈಮುಗಿದು ಗಾಡಿಗಳ ಕೆಳಗೆ ಅಂಗಾತ ಮಲಗಿದವನು ಅವನು. ಅವ್ವ ಸತ್ತ ಮೇಲೆ ಅವನಿಗೆ ತಲೆ ಬಾಚಿ, ಮೂಗು ಒರೆಸಿ, ಬೆನ್ನಿಗೆರಡು ಬಿಟ್ಟು ಬೆಳೆಸಿದವಳು ಅಕ್ಕ. ಅಕ್ಕ ಬಾರೋ ಅಂದಳು, ಬಂದ. ಇಲ್ಲದಿದ್ದರೆ ದೇವರಿಗೂ ಎಲೆಕ್ಷನ್ನಿಗೂ ಏನು ಸಂಬಂಧ ಅಂತ ಕೇಳುವ ಜಾಯಮಾನ ಅವನದು.

ಭಾವ ಬಸ್ ಕಂಡಕ್ಟರಾಗಿದ್ದವರು. ತಲೆಕೂದಲು ನೆರೆಯುವವರೆಗೆ ಒಂದೇ ರೂಟಿನಲ್ಲಿ ಓಡಾಡಿದವರು. ಚಿಲ್ಲರೆ ಉಳಿಸಿಕೊಂಡವರಲ್ಲ, ಸುಳ್ಳು ಹೇಳಿದವರಲ್ಲ. ಒಂದು ದಿನ ಕೆಲಸ ಬಿಟ್ಟು, ಯಾವ ಪಕ್ಷದ ಬಾಗಿಲೂ ತಟ್ಟದೆ, ಪಕ್ಷೇತರರಾಗಿ ನಾಮಪತ್ರ ಹಾಕಿ ಬಂದರು. ಪ್ರಚಾರಕ್ಕೂ ಅದೇ ಹಳೇ ರೂಟು ಹಿಡಿದರು. ದೇವರಿಗೆ ಮಾತು ಕೊಟ್ಟಿದ್ದರಂತೆ: ಬಸ್ಸು ನಿಲ್ಲುತ್ತಿದ್ದ ಒಂದು ಸ್ಟಾಪನ್ನೂ ಬಿಡುವುದಿಲ್ಲ, ಕಾಯುತ್ತ ನಿಂತ ಒಬ್ಬರನ್ನೂ ದಾಟಿಕೊಂಡು ಹೋಗುವುದಿಲ್ಲ. ಹಾಗಾಗಿ ತಗಡಿನ ನೆರಳಿದ್ದಲ್ಲಿ, ಮುರಿದ ಬೆಂಚಿದ್ದಲ್ಲಿ, ಬರೀ ಕಂಬವೊಂದೇ ಇದ್ದಲ್ಲೂ ವ್ಯಾನು ನಿಲ್ಲಬೇಕು. ಒಬ್ಬ ಮುದುಕ ಕೈ ಅಡ್ಡ ಹಾಕಿದರೂ ಭಾವ ಇಳಿದು, ಅವನ ತಲೆ ಮೇಲೆ ಕೈಯಿಟ್ಟು ಕಣ್ಣು ಮುಚ್ಚುವರು. ಓಟಿನ ಮಾತು ಆಮೇಲೆ, ನೆನಪಾದರೆ.

ಚುನಾವಣೆಗೆ ದೀಪದ ಚಿಹ್ನೆ ಸಿಗಲಿ ಅಂತ ಬೇಡಿಕೊಂಡಿದ್ದರು. ಸಿಕ್ಕಿದ್ದು ಇಸ್ತ್ರಿ ಪೆಟ್ಟಿಗೆ.

"ಏನ್ ಕಂಡಕ್ಟ್ರೇ, ಗೆದ್ರೆ ನಮ್ಮ ಅಂಗಿ ಸುಕ್ಕು ತೆಗೀತೀರಾ?" ಟೀ ಅಂಗಡಿಯವನು ಕೂಗಿದ.

"ಮನಸ್ಸಿನ ಸುಕ್ಕು ತೆಗೀತೀನಪ್ಪಾ."

"ಮನಸ್ಸು ಹಂಗೇ ಇರ್ಲಿ ಬಿಡಿ, ಮೊದ್ಲು ರೋಡಿನ ಸುಕ್ಕು ತೆಗೀರಿ!"

ಬೀದಿಯೆಲ್ಲ ನಕ್ಕಿತು. ಭಾವನೂ ನಕ್ಕರು. ಆಮೇಲೆ ಮೈಕು ಅಕ್ಕನ ಕೈಗೆ ಬಂತು, ನಗು ನಿಂತಿತು.

ಅಕ್ಕ ಹೇಳುತ್ತಿದ್ದದ್ದು ನಾಲ್ಕೇ ಮಾತು. ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ರಕ್ತ ಹೋಗಿ ಹೋಗಿ ನಾನು ಹೆಣದ ಹಾಗಾಗಿದ್ದೆ. ಡಾಕ್ಟರು ಕೊಯ್ಯಬೇಕು ಅಂದರು. ನಮ್ಮನೆಯವರು ಪ್ರಾರ್ಥನೆ ಮಾಡಿದರು, ರಕ್ತ ನಿಂತಿತು. ನೋಡಿ, ನಿಮ್ಮೆದುರಿಗೆ ನಿಂತಿದ್ದೇನೆ. ಅಷ್ಟಕ್ಕೇ ಹೆಂಗಸರು ಕಣ್ಣೊರೆಸಿಕೊಳ್ಳುವರು. ಅದೇ ಸಾಕ್ಷಿ. ಭಾವನ ಪ್ರಣಾಳಿಕೆ ಅಂದರೂ ಅದೇ, ಬೇರೆ ಏನೂ ಇರಲಿಲ್ಲ.

ಪೆಟ್ರೋಲ್ ಬಂಕಿನ ಹಿಂದಿನ ನಲ್ಲಿಯಲ್ಲಿ ಅಕ್ಕ ಸೀಟಿನ ಕವರು ಉಜ್ಜುತ್ತಿದ್ದುದನ್ನು ಒಂದು ದಿನ ಸ್ಪ್ಯಾನರ್ ಕಂಡ. ಚರಂಡಿಗೆ ಹರಿಯುತ್ತಿದ್ದ ನೀರು ಕೆಂಪಗಿತ್ತು.

"ಯಾವಾಗಿಂದ?" ಅಂದ.

"ಏನು ಯಾವಾಗಿಂದ? ಟೀ ಚೆಲ್ತು."

"ಅಕ್ಕಾ, ನೆಲದ ಮೇಲಿನ ಆಯಿಲ್ ನೋಡಿ ಯಾವ ಗಾಡೀದು ಅಂತ ಹೇಳೋನು ನಾನು. ನಂಗೆ ಟೀ ಅಂತೀಯಾ?"

"ಮೆಲ್ಲಗೆ ಮಾತಾಡೋ ಮಾರಾಯ. ಅವರಿಗೆ ಕೇಳಿಸುತ್ತೆ."

ಟೈರು ಪಂಕ್ಚರ್ ಹಾಕಿಸಬೇಕು ಅಂತ ಹೇಳಿ ಭಾವನನ್ನು ಸ್ಟಾಪಿನಲ್ಲೇ ಬಿಟ್ಟು, ಅಕ್ಕನನ್ನು ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದ. ಲೇಡಿ ಡಾಕ್ಟರು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಕೈ ತೊಳೆದರು.

"ಆಗ್ಲೇ ತೆಗೆಸ್ಬೇಕಿತ್ತಲ್ಲಮ್ಮ. ಮೈಯಲ್ಲಿ ರಕ್ತಾನೇ ಇಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ. ನಾಳೆ ಅಂತ ಇಟ್ಕೊಂಡ್ರೆ ನೀವು ಉಳಿಯಲ್ಲ, ಬಿಡಿಸಿ ಹೇಳ್ತಿದೀನಿ."

ದೊಡ್ಡಾಸ್ಪತ್ರೆ ಇದ್ದದ್ದು ಭಾವನ ರೂಟಿನ ಕೊನೇ ಊರಿನಲ್ಲಿ.

"ಓಟು ಮುಗೀಲಿ ಕಣೋ," ವ್ಯಾನು ಹತ್ತುತ್ತ ಅಕ್ಕ ಅಂದಳು. "ಈಗ ಹೋದ್ರೆ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತೆ. ಅವರು ಮುಖ ಎತ್ಕೊಂಡು ಹೆಂಗೆ ತಿರುಗ್ತಾರೆ?"

"ಅವರ ಮುಖಕ್ಕೆ ನೀನು ಸಾಯ್ತೀಯಾ? ಭಯ ಇಲ್ವಾ ನಿಂಗೆ?"

ಅಕ್ಕ ಬಾಗಿಲಿನ ಹಿಡಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಸ್ಪ್ಯಾನರ್‌ಗೆ ಮೈಯೆಲ್ಲ ಉರಿ ಹತ್ತಿತು. ನೆಟ್ಟಗೆ ಭಾವನ ಹತ್ತಿರ ಹೋದ. ಸ್ಟಾಪಿನ ಬೆಂಚಿನ ಮೇಲೆ ಕೂತು ಯಾರದೋ ಮಗುವಿನ ಹಣೆ ಮುಟ್ಟುತ್ತಿದ್ದ ಭಾವನನ್ನು ಪಕ್ಕಕ್ಕೆ ಕರೆದು, ನಲ್ಲಿ, ಸೀಟು, ಡಾಕ್ಟರು, ಎಲ್ಲ ಒಂದೇ ಉಸಿರಿಗೆ ಒದರಿದ. ಜಗಳಕ್ಕೆ ತಯಾರಾಗಿಯೇ ಹೋಗಿದ್ದ. ಆದರೆ ಭಾವನ ಮುಖ ಬಿಳಿಚಿಕೊಂಡಿತು, ಕಣ್ಣಲ್ಲಿ ನೀರು ದಳದಳ ಇಳಿಯಿತು.

"ನಂಗ್ಯಾಕೆ ಹೇಳ್ಲಿಲ್ಲ ಅವಳು? ಹೊರಡೋಣ. ಈಗ್ಲೇ ಆಸ್ಪತ್ರೆಗೆ ಹೊರಡೋಣ."

ಅಬ್ಬಾ, ಅಂದುಕೊಂಡ ಸ್ಪ್ಯಾನರ್. ಕೀ ತಿರುಗಿಸಿದ. ವ್ಯಾನಿನ ಮೇಲಿನ ಮೈಕು ಮಾತಾಡತೊಡಗಿದ್ದು ಆಗ.

"ಬಂಧುಗಳೇ, ನನ್ನ ಹೆಂಡತಿಗೆ ವಾಸಿಯಾಗಿದೆ ಅಂತ ನಿಮಗೆ ಹೇಳಿಸಿದ್ದೆ. ಈಗ ಮತ್ತೆ ಕಾಯಿಲೆ ಬಿದ್ದಿದಾಳೆ. ಜೀವಕ್ಕೆ ಅಪಾಯ ಇದೆ. ನಿಮ್ಮಿಂದ ಮುಚ್ಚಿಡೋಕೆ ನಂಗೆ ಅಧಿಕಾರ ಇಲ್ಲ. ಅವಳಿಗೋಸ್ಕರ ಪ್ರಾರ್ಥನೆ ಮಾಡಿ."

"ಏನ್ ಭಾವ ಇದು! ಯಾಕೆ ಈಗ?"

"ಸುಳ್ಳನ್ನ ಒಂದು ನಿಮಿಷಾನೂ ಹೊತ್ಕೊಂಡಿರಕ್ಕಾಗಲ್ಲ ಕಣೋ ನಂಗೆ. ದಾರಿ ಅದೇ ತಾನೆ? ಜನ ಪ್ರಾರ್ಥನೆ ಮಾಡ್ತಾರೆ, ನಾವು ಹೋಗ್ತಾ ಇರೋಣ."

ನಿಜ ಹೇಳಿದರೆ ಅಕ್ಕ ಬಿಡುಗಡೆಯಾಗುತ್ತಾಳೆ ಅಂತ ಸ್ಪ್ಯಾನರ್ ನಂಬಿದ್ದ. ಇಷ್ಟು ಪ್ರಾಮಾಣಿಕ ಮನುಷ್ಯನ ಬಾಯಿಗೆ ಬಿದ್ದ ನಿಜ ಏನು ಮಾಡುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಸುದ್ದಿ ಫೋನಿನಲ್ಲಿ ವ್ಯಾನಿಗಿಂತ ಮುಂದೆ ಓಡಿತು. ನಿನ್ನೆವರೆಗೆ ನಾಲ್ಕು ಜನ ಆಕಳಿಸುತ್ತ ನಿಲ್ಲುತ್ತಿದ್ದ ಸ್ಟಾಪುಗಳಲ್ಲಿ ಈಗ ಜಾಗವಿಲ್ಲ. ಇಸ್ತ್ರಿ ಪೆಟ್ಟಿಗೆಗೆ ನಕ್ಕವರೇ ಕೈ ಜೋಡಿಸಿಕೊಂಡು ನಿಂತಿದ್ದರು. ಸ್ಪ್ಯಾನರ್ ಗೇರು ಬದಲಿಸುವಷ್ಟರಲ್ಲಿ, "ನಿಲ್ಸು, ಕಾಯ್ತಿದಾರೆ," ಅನ್ನುವರು ಭಾವ. ಇಳಿಯುವರು, ಕಣ್ಣು ಮುಚ್ಚುವರು. ಹಿಂದಿನ ಸೀಟಿನಲ್ಲಿ ಅಕ್ಕ ಮುದುಡಿ ಮಲಗಿದ್ದಳು, ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಕಿಟಕಿಯೊಳಗೆ ಕೈಗಳು ಬರುತ್ತಿದ್ದವು. ಮುಟ್ಟುವ ಕೈ, ಸವರುವ ಕೈ, ಹಸುಗೂಸನ್ನು ಅವಳ ಎದೆ ಮೇಲಿಡುವ ಕೈ.

"ಭಾವ, ಕೈಮುಗೀತೀನಿ. ಇನ್ನು ಎಲ್ಲೂ ಬೇಡ."

"ಬಿಸಿಲಲ್ಲಿ ನಿಂತಿದಾರಲ್ಲೋ. ಹೆಂಗೆ ದಾಟ್ಕೊಂಡು ಹೋಗ್ಲಿ? ಅವರ ಪ್ರಾರ್ಥನೆಯಿಂದಾನೇ ಇನ್ನೂ ಉಸಿರಾಡ್ತಿದಾಳೆ ಅವಳು."

ಅವರಲ್ಲಿ ಕಪಟ ಇದ್ದಿದ್ದರೆ ಸ್ಪ್ಯಾನರ್ ಅಲ್ಲೇ ಕೊರಳಪಟ್ಟಿ ಹಿಡಿಯುತ್ತಿದ್ದ. ಇರಲಿಲ್ಲವಲ್ಲ. ಕಪಟವಿಲ್ಲದ ಮನುಷ್ಯನ ಮೇಲೆ ಕೈ ಎಲ್ಲಿ ಎತ್ತುವುದು?

ಮಾರ್ಕೆಟ್ಟಿನ ಊರಿನಲ್ಲಿ ರಸ್ತೆಯೇ ಕಾಣಲಿಲ್ಲ. ಅಂಗಡಿಗಳ ಶಟರ್ ಅರ್ಧ ಇಳಿದಿದ್ದವು, ತಳ್ಳುಗಾಡಿಗಳ ಮೇಲೆಲ್ಲ ಜನ. ಅದನ್ನು ದಾಟಿ ಇನ್ನೊಂದಿಷ್ಟು ಸ್ಟಾಪು ಕಳೆದರೆ ಆಸ್ಪತ್ರೆಯ ಊರು. ಭಾವ ಇಳಿದರು. ಸ್ಪ್ಯಾನರ್ ಇಳಿಯಲಿಲ್ಲ. ಹಾರನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಬಂಪರಿನ ಮುಂದಿದ್ದವರು ಸರಿಯುವ ಬದಲು ಒಬ್ಬೊಬ್ಬರಾಗಿ ಮಂಡಿಯೂರಿದರು.

"ದಾರಿ ಬಿಡ್ರೀ! ಆಸ್ಪತ್ರೆಗೆ ಹೋಗ್ಬೇಕು!"

ಮಾಂಸದಂಗಡಿಯ ದಢೂತಿ ಆಸಾಮಿ ಬಾನೆಟ್ಟಿಗೆ ಪಟ್ಟನೆ ಹೊಡೆದ. "ಆಸ್ಪತ್ರೆಗೆ ಯಾಕಯ್ಯಾ? ನಾವೆಲ್ಲ ಅಂಗಡಿ ಮುಚ್ಚಿ ಇಲ್ಲಿ ಮಣ್ಣು ತಿಂತಿದೀವಾ? ತಾಯಿ ಇಲ್ಲೇ ಏಳ್ತಾಳೆ, ನೋಡ್ತಿರು!"

ಹಿಂದೆ ನೋಡಿದರೆ ಹಿಂದೆಯೂ ಜನ. ರಿವರ್ಸೂ ಇಲ್ಲ. ಸ್ಪ್ಯಾನರ್ ಆಕ್ಸಿಲರೇಟರ್ ಮೇಲಿದ್ದ ತನ್ನ ಕಾಲನ್ನೇ ನೋಡಿಕೊಂಡ. ಹತ್ತಿಸಿಬಿಡಲಾ ಅಂತ ಒಂದು ಗಳಿಗೆ ಅನ್ನಿಸಿತು, ಸುಳ್ಳಲ್ಲ.

"ತಮ್ಮಾ." ಹಿಂದಿನಿಂದ ಅಕ್ಕನ ದನಿ. "ಮೈಕು ಕೊಡೋ."

"ಸುಮ್ನೆ ಮಲ್ಕೋ ನೀನು."

"ಕೊಡೋ ಅಂದ್ರೆ."

ಕೊಟ್ಟ. ಮೈಕಿನಲ್ಲಿ ಮೊದಲು ಬರೀ ಉಸಿರು ಕೇಳಿಸಿತು. ಜನ ತಲೆ ಬಾಗಿಸಿದರು. ಸಾಕ್ಷಿ ಬರುತ್ತದೆ ಅಂತ ಭಾವನೂ ಕಣ್ಣು ಮುಚ್ಚಿದರು.

"ನಂಗೆ ಪ್ರಾರ್ಥನೆ ಬೇಡ," ಅಂದಳು ಅಕ್ಕ. "ನಂಗೆ ಭಯ ಆಗ್ತಿದೆ. ಸಾಯೋಕೆ ಇಷ್ಟ ಇಲ್ಲ ನಂಗೆ. ಮೊದಲನೇ ಸಲಾನೂ ರಕ್ತ ಪೂರ್ತಿ ನಿಂತಿರಲಿಲ್ಲ. ಇವರ ಮುಖ ನೋಡಿ ನಿಂತಿತು ಅಂದೆ. ದಾರಿ ಬಿಡಿ. ಕೊಯ್ಯಲಿ ನನ್ನ."

ಮಾರ್ಕೆಟ್ಟು ತಣ್ಣಗಾಯಿತು. ಮಂಡಿಯೂರಿದ್ದವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. ಕೂಸನ್ನು ಕಿಟಕಿಗೆ ಹಿಡಿದಿದ್ದವಳು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಥೂ, ನಾಟಕದೋಳು," ಅಂತ ಯಾರೋ ಅಂದರು, ಅಂದದ್ದು ಹೆಂಗಸೇ. ಎಂಜಲು ಗಾಜಿಗೆ ಬಿದ್ದು ಇಳಿಯಿತು. ಪ್ರೀತಿ ಇದ್ದಾಗ ಒಂದಿಂಚೂ ಬಿಡದಿದ್ದ ಜನ ಈಗ ಲಾರಿ ಹೋಗುವಷ್ಟು ದಾರಿ ಬಿಟ್ಟರು.

"ಭಾವ, ಹತ್ತಿ!"

ಭಾವ ಕಂಬಕ್ಕೆ ಕೈ ಆನಿಸಿ ನಿಂತಿದ್ದರು. "ನೀನು ಕರ್ಕೊಂಡು ಹೋಗು. ಇವರಿಗೆ ಉತ್ತರ ಹೇಳೋರು ಯಾರು? ನಾನೇ ನಿಲ್ಬೇಕು."

ಸ್ಪ್ಯಾನರ್ ಗೇರು ಹಾಕಿದ.

ಆಸ್ಪತ್ರೆಯಲ್ಲಿ ಕೊಯ್ದರು, ಗಡ್ಡೆ ತೆಗೆದರು, ಗರ್ಭಕೋಶವನ್ನೂ ತೆಗೆದರು. ಸ್ಪ್ಯಾನರ್‌ನ ರಕ್ತ ಹೊಂದಿತು. ಅದನ್ನೂ ಕೊಟ್ಟ, ಮಿಕ್ಕಿದ್ದನ್ನು ಅಲ್ಲಿಂದ ಇಲ್ಲಿಂದ ತರಿಸಿದರು. ಅಕ್ಕ ಉಳಿದಳು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಹೊರಗಡೆ ಏನಂತಿದಾರೆ?"

"ಏನಿಲ್ಲ. ಭಾವನೇ ಗೆಲ್ತಾರೆ ಅಂತಿದಾರೆ." ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಪಕ್ಕದ ಮಂಚದವಳ ಅತ್ತೆ ಮುಖ ತಿರುಗಿಸಿ ಕೂತಿದ್ದಳು. ವಾರ್ಡಿಗೆಲ್ಲ ಗೊತ್ತಿತ್ತು.

ಭಾವ ಬಂದದ್ದು ಮತದಾನದ ಹಿಂದಿನ ದಿನ. ಉಳಿದ ಸ್ಟಾಪುಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಮುಗಿಸಿ ಬಂದಿದ್ದರು. ಚಪ್ಪಲಿ ಕಿತ್ತುಹೋಗಿತ್ತು, ಹಿಮ್ಮಡಿ ಒಡೆದಿತ್ತು, ಹಣೆಯಲ್ಲಿ ಯಾರೋ ಎಸೆದ ಕಲ್ಲಿನ ಗಾಯ. ಅಕ್ಕನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ನೋವಿದೆಯೇನೇ?"

"ಇದೆ. ನೀವೇನು ಹೇಳಿದ್ರಿ ಜನಕ್ಕೆ?"

ಬೇಡ ಅಂತ ಸ್ಪ್ಯಾನರ್ ಅಕ್ಕನ ತಲೆಯ ಹಿಂದಿನಿಂದ ಕೈಯಾಡಿಸಿದ, ಹಲ್ಲು ಕಚ್ಚಿದ, ಕಣ್ಣು ಕೆಂಪಗೆ ಮಾಡಿದ. ಭಾವ ನೋಡಿದರು. ನೋಡಿಯೂ ಹೇಳಿದರು.

"ನನ್ನ ಹೆಂಡತಿ ನಂಬಿಕೆ ಕಳ್ಕೊಂಡಳು ಅಂದೆ. ಅವಳು ಹೇಳಿದ ಸಾಕ್ಷಿ ಸುಳ್ಳು ಅಂದೆ. ನನ್ನ ಮನೇಲೇ ನಂಬಿಕೆ ಉಳಿಸಕ್ಕಾಗದ ನಂಗೆ ಓಟು ಹಾಕ್ಬೇಡಿ ಅಂದೆ."

"ಎಲ್ಲ ಸ್ಟಾಪಲ್ಲೂ?"

"ಎಲ್ಲ ಸ್ಟಾಪಲ್ಲೂ."

ಅಕ್ಕನಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಹೊಟ್ಟೆ ಅದುಮಿಕೊಂಡಳು. ನಗುವೋ ಅಳುವೋ ಸ್ಪ್ಯಾನರ್‌ಗೆ ತಿಳಿಯಲಿಲ್ಲ.

"ನಿಮಗೋಸ್ಕರ ನಾನು ಎಷ್ಟು ಸುಳ್ಳು ಹೇಳಿದೆ ರೀ," ಅಂದಳು. "ರಕ್ತ ಸುರೀತಿರುವಾಗ ನಿಂತಿದೆ ಅಂದೆ. ನೀವು ನನಗೋಸ್ಕರ ಸುಮ್ನೆ ಆದ್ರೂ ಇರಬಹುದಿತ್ತು."

"ದೇವರು ನೋಡ್ತಿರ್ತಾನೆ ಕಣೇ."

"ನೋಡ್ಲಿ. ನಾನೂ ಅಲ್ಲೇ ಮಲಗಿದ್ದೆ, ಹಿಂದಿನ ಸೀಟಲ್ಲಿ. ನೀವು ಒಂದ್ಸಲಾನೂ ತಿರುಗಿ ನೋಡ್ಲಿಲ್ಲ."

ಭಾವ ಮಂಚದ ಪಕ್ಕ ಮಂಡಿಯೂರಿ ಕೈ ಜೋಡಿಸಿದರು.

"ಇಲ್ಲಿ ಬೇಡ," ಅಂದಳು ಅಕ್ಕ. "ಹೊರಗೆ ಹೋಗಿ ಮಾಡಿ."

ಮದುವೆಯಾದಂದಿನಿಂದ ಅವಳು ಅವರಿಗೆ ಬೇಡ ಅಂದದ್ದನ್ನು ಸ್ಪ್ಯಾನರ್ ಕೇಳಿರಲಿಲ್ಲ. ಭಾವನೂ ಕೇಳಿರಲಿಕ್ಕಿಲ್ಲ. ಮಂಚದ ಅಂಚು ಹಿಡಿದು ಎದ್ದರು, ಕುಂಟುತ್ತ ವರಾಂಡಕ್ಕೆ ನಡೆದರು. ಅಲ್ಲಿಂದ ಅವರ ದನಿ ಬರತೊಡಗಿತು. ತಮ್ಮ ಹೆಂಡತಿಯನ್ನು ಕ್ಷಮಿಸು ಅಂತ ದೇವರನ್ನು ಬೇಡುತ್ತಿದ್ದರು, ಬಾಯಿ ತುಂಬ, ವಾರ್ಡಿಗೆಲ್ಲ ಕೇಳುವ ಹಾಗೆ. ನರ್ಸು ಹೋಗಿ ಬಾಗಿಲು ಹಾಕಿದಳು. ಬಾಗಿಲು ಹಾಕಿದರೂ ಕೇಳಿಸುತ್ತಿತ್ತು.

ಇಷ್ಟು ದಿನ ಕಾದಿಟ್ಟಿದ್ದ ಏಟು ಸ್ಪ್ಯಾನರ್‌ನ ಮುಷ್ಟಿಯಲ್ಲೇ ಇತ್ತು. ಹೋಗಿ ಬಾರಿಸಿ ಬರಲಾ ಅಂತ ಎದ್ದ.

"ಕೂತ್ಕೋ," ಅಂದಳು ಅಕ್ಕ. "ಬಾಯಿ ಒಣಗಿದೆ ನಂಗೆ."

ಇನ್ನೂ ನೀರು ಕುಡಿಸುವಂತಿಲ್ಲ ಅಂತ ಡಾಕ್ಟರು ಹೇಳಿದ್ದರು. ಅವನು ಹತ್ತಿಯನ್ನು ನೀರಲ್ಲಿ ಅದ್ದಿ, ಗ್ರೀಸು ಕೂತು ಕಪ್ಪಾದ ಬೆರಳುಗಳಿಂದ ಅವಳ ತುಟಿಗೆ ಒತ್ತಿದ. ಅವಳು ಅದನ್ನು ಚೀಪಿದಳು.