ಕಲ್ಲು ಓದಿಸಿದವನು

ಮಗಳ ಕೈಯಿಂದ ಬ್ರಷ್ಷು ಕಿತ್ತುಕೊಳ್ಳಲು ಪ್ರೇಮಮ್ಮ ಎಳೆದಷ್ಟೂ ದಾಕ್ಷಿಯ ಮುಷ್ಟಿ ಬಿಗಿಯಾಯಿತು.

“ಬಿಡೇ, ಸತ್ತೋರ ಮನೇಲಿ ಏನೇ ಇದು ನಿಂದು!”

“ಅಜ್ಜಂದು ಕಣಮ್ಮ! ನಾನೇ ಇಟ್ಕತೀನಿ!”

ಪಡಸಾಲೆಯಲ್ಲಿ ಗಿಡ್ಡಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ರಸ್ತೆ ಗ್ಯಾಂಗಿನಲ್ಲಿ ಮಣ್ಣು ಹೊತ್ತು ಸವೆದವನು, ಕೊನೆಗಾಲದಲ್ಲಿ ಮೈಲಿಗಲ್ಲಿಗೆ ಸುಣ್ಣ ಬಳಿದು ಅಕ್ಷರಕ್ಕೆ ಕಪ್ಪು ತುಂಬುವ ಕೆಲಸಕ್ಕೆ ಬಂದಿದ್ದ. ಮೈ ತೊಳೆದಿದ್ದರೂ ಉಗುರಿನ ಸಂದಿಯ ಆ ಕಪ್ಪು ಹೋಗಿರಲಿಲ್ಲ.

“ಇರ್ಲಿ ಬಿಡವ್ವ,” ಎಂದಳು ಅವನ ಹೆಂಡತಿ ತಿಪ್ಪಮ್ಮ, ಕಣ್ಣೊರೆಸಿಕೊಂಡು. “ಆ ಬ್ರಷ್ಷು ನಂಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ನಿನ್ ಮಗಳ ಕೈಗೆ ಮಾತ್ರ ಕೊಡೋರು.”

“ಶಿಷ್ಯೆ ಅಲ್ವೆ!” ಎಂದ ಜೊತೆಗೆ ಕೆಲಸ ಮಾಡಿದ್ದ ಲಕ್ಕಣ್ಣ. “ಗುದ್ಲಿ ಹಿಡಿಯೋ ಅಂದ್ರೆ ಮೇಷ್ಟ್ರಾಗಿ ಕೂತ್ಬಿಡೋನು, ಬಡ್ಡಿಮಗ.” ನಗಲು ಹೋದವನು ಗಿಡ್ಡಪ್ಪನ ಕೊರಳ ಹಾರ ಸರಿಮಾಡತೊಡಗಿದ.

ದಾಕ್ಷಿಗೆ ಅದೊಂದೂ ಇಲ್ಲ. ಗೋಡೆಗೆ ಅಂಟಿಸಿದ್ದ ಹಳೆ ಪೇಪರಿನಲ್ಲಿ ಗೊತ್ತಿದ್ದ ಅಕ್ಷರ ಕಂಡು, “ಅಮ್ಮಾ, ಕಡೂರಿನ ಕ!” ಎಂದು ಕೂಗಿದಳು. ಭಜನೆಯವರ ತಾಳವೇ ತಪ್ಪಿತು. ಪ್ರೇಮಮ್ಮನಿಗೆ ನಾಚಿಕೆ, ಅದರ ಹಿಂದೆಯೇ ಸಂಕಟ. ಹುಡುಗಿಗೆ ಐದು ತುಂಬಿಲ್ಲ. ಇನ್ನು ಇವಳಿಗೆ ಹೇಳಿಕೊಡುವವರು ಯಾರು?

*

ಹೋದ ಬೇಸಿಗೆಯಲ್ಲಿ ಉಪ್ಪಿನ ಪೊಟ್ಟಣ, ಬೀಡಿ ಕಟ್ಟು, ಗೊಬ್ಬರದ ಚೀಲ, ಹೀಗೆ ಅಕ್ಷರ ಕಂಡಲ್ಲೆಲ್ಲ ದಾಕ್ಷಿಯದು ಒಂದೇ ಪ್ರಶ್ನೆ: “ಇದೇನಮ್ಮ?” ಪ್ರೇಮಮ್ಮನಿಗೆ ಓದು ಬಾರದು. ಗಂಡ ತೀರ್ಥಪ್ಪ, “ಕಾಯಿ ಸುಲಿಯೋದು ಬಿಟ್ಟು ಇವಳಿಗೆ ಅಆಇಈ ಹೇಳ್ಕಂಡ್ ಕೂರ್ಲಾ?” ಎಂದ. ಇಸ್ಕೂಲಿಗೆ ಕರೆದೊಯ್ದರೆ, ಸೇರಿಸುವ ವಯಸ್ಸಾಯಿತೇ ಎಂದು ಮೇಷ್ಟ್ರು ಹುಡುಗಿಯ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ನೋಡಿದರು. ಎಡಗಿವಿ ಸಿಗಲಿಲ್ಲ.

“ಕಿವಿ ಸಿಕ್ಕಿದ ವರ್ಷ ಕರ್ಕಂಬಾರಮ್ಮ,” ಎಂದರು ನಗುತ್ತ.

ದಾರಿಯುದ್ದಕ್ಕೂ ದಾಕ್ಷಿ ಕೈ ಎಳೆದೆಳೆದು ಕಿವಿ ಹುಡುಕುತ್ತ ಅಳುತ್ತ ಬಂದಳು. ಬುಕ್ಕಾಂಬುಧಿ ತಿರುವಿನಲ್ಲಿ ಗಿಡ್ಡಪ್ಪ ಮೈಲಿಗಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

“ಯಾಕವ್ವ, ಯಾರ್ ಹೊಡೆದ್ರು?”

“ಕಿವಿ ಸಿಗ್ಲಿಲ್ಲ!”

ಸಂಗತಿ ಕೇಳಿ ಅವನು ಗಹಗಹಿಸಿದ. “ಓದಕ್ಕೆ ಕಿವಿ ಯಾಕೆ, ಬೆರಳು ಸಾಲ್ದಾ? ಬಾ ಇಲ್ಲಿ.” ಕಲ್ಲಿನಲ್ಲಿ ಕೆತ್ತಿದ್ದ ಅಕ್ಷರದ ಗುಳಿಯೊಳಗೆ ಅವಳ ಬೆರಳಿಟ್ಟು ಮೆಲ್ಲಗೆ ಸುತ್ತಿಸಿದ. “ಅಜ್ಜಂಪುರದ ಅ. ನಂಗೆ ಈ ರಸ್ತೆ ಮೇಲಿರೋವಷ್ಟೇ ಬರೋದು ಕಣವ್ವ. ಅಷ್ಟೂ ನಿಂಗೇ.”

ಅಲ್ಲಿಂದಾಚೆಗೆ ಅವನು ಸುಣ್ಣ ಬಳಿದ ಕಡೆಯೇ ಶಾಲೆ. ಹೊಲಕ್ಕೆ ಬುತ್ತಿ ಒಯ್ಯುವ ಪ್ರೇಮಮ್ಮ ಮಗಳಿಗಾಗಿ ಅಲ್ಲೇ ಕಾಯುತ್ತ ಕೂರುವಳು. ಸೆರಗಿನ ಮರೆಯಲ್ಲಿ ಅವಳ ಬೆರಳೂ ಮೊಣಕಾಲ ಮೇಲೆ ಸುತ್ತುತ್ತಿತ್ತು. ಕಡೂರು ಮುಗಿಯಿತು, ತರೀಕೆರೆ ಮುಗಿಯಿತು, ಊರ ಹೆಸರಿನ ಕೆಳಗೆ ದೂರ ಹೇಳುವ ಅಂಕಿಗಳೂ ಮುಗಿದವು. ಸಂತೆಯ ದಿನ ಅಜ್ಜಂಪುರದ ಒಳಗಿನ ಕಲ್ಲಿನ ಹತ್ತಿರ ಅವನು ದುಂಡನೆಯದೊಂದು ಅಂಕಿ ತೋರಿಸಿದ.

“ಇದು ಸೊನ್ನೆ. ಬಂದ್ಬಿಟ್ವಿ ಅಂತ. ಇನ್ ನಡೆಯಂಗಿಲ್ಲ.”

“ಬಂದ್ಬಿಟ್ವಿ!” ದಾಕ್ಷಿ ಸಂತೆಯವರೆಲ್ಲ ತಿರುಗಿ ನೋಡುವಂತೆ ಕುಣಿದಳು.

*

ರಸ್ತೆಗೆ ಕಾಣುವಂತೆ ಹೊಲದ ಬದುವಿನಲ್ಲೇ ಗಿಡ್ಡಪ್ಪನನ್ನು ಮಣ್ಣು ಮಾಡಿದರು. ಲಕ್ಕಣ್ಣ ತಲೆದಿಕ್ಕಿಗೊಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದು, ಕಪ್ಪು ಬಣ್ಣದ ಡಬ್ಬಿ ತೆರೆದಿಟ್ಟ.

“ಬೋಳು ಕಲ್ಲು ಕಂಡ್ರೆ ಅವ್ರಿಗಾಗ್ತಿರ್ಲಿಲ್ಲ,” ಎಂದಳು ತಿಪ್ಪಮ್ಮ. “ನಿಂಗ್ ಬಂದಷ್ಟು ಬರಿ ಮಗ.”

ದಾಕ್ಷಿ ನಾಲಗೆ ಕಚ್ಚಿಕೊಂಡು ದಪ್ಪ ದಪ್ಪಗೆ ಬರೆದಳು. ಬರೆದು, “ಅಜ್ಜ!” ಎಂದು ಎಲ್ಲರಿಗೂ ಓದಿ ಹೇಳಿದಳು.

“ಅಯ್ ಇವಳ! ಬರೆದೇಬಿಟ್ಳಲ್ರೀ!” ಎಂದು ಲಕ್ಕಣ್ಣ ಅಳುತ್ತಲೇ ಚಪ್ಪಾಳೆ ತಟ್ಟಿದ.

ಹುಡುಗಿಯ ಮುಖ ಮಾತ್ರ ಸಪ್ಪಗಾಯಿತು. “ಅಮ್ಮಾ, ಕೆಳಗೆ ಎಷ್ಟು ಬರೀಲಿ? ಅಜ್ಜ ಎಷ್ಟು ದೂರ?”

ಪ್ರೇಮಮ್ಮ ಮಗಳ ಪಕ್ಕ ಕುಕ್ಕರಿಸಿ ಕೈ ಚಾಚಿದಳು. ಬೆಳಗಿನಿಂದ ಬಿಗಿದಿದ್ದ ಮುಷ್ಟಿ ತೆರೆಯಿತು. ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿ, ಉಸಿರು ಹಿಡಿದು, ಪ್ರೇಮಮ್ಮ ಒಂದೇ ಸುತ್ತು ಸುತ್ತಿದಳು. ಸೊನ್ನೆ ಒಂಚೂರು ಸೊಟ್ಟಗಾಯಿತು.

“ಬಂದ್ಬಿಟ್ವಿ! ಅಮ್ಮಂಗೂ ಬತ್ತದೆ! ತಿಪ್ಪಜ್ಜೀ, ನಮ್ಮಮ್ಮಂಗೂ ಬತ್ತದೆ!” ದಾಕ್ಷಿಯ ಕೂಗು ರಸ್ತೆಯಾಚೆಗೂ ಕೇಳಿಸಿತು.

ಕೈಯನ್ನು ಸೆರಗಿಗೆ ಒರೆಸಹೊರಟ ಪ್ರೇಮಮ್ಮ ತಡೆದು ಬೆರಳು ನೋಡಿಕೊಂಡಳು. ಉಗುರಿನ ಸಂದಿಗೆ ಕಪ್ಪು ಇಳಿದಿತ್ತು.