ಶೀರ್ ಖುರ್ಮಾ ದಾಟುವ ಕಿಟಕಿ

ಅಖ್ತರ್ ಬಾನು ಮನೆಯ ಬೀದಿ ಕಿಟಕಿಯನ್ನು ಗೆದ್ದಲು ತಿಂದಾಗ, ಅವರ ಮನೆಯವರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವಳು ಎದುರು ಮನೆಯ ನಾನು, ನರಸಿಂಹಮ್ಮ. ಮೊಣಕಾಲು ನೋವು ಶುರುವಾದ ಮೇಲೆ ಅಖ್ತರ್ ಬಾಗಿಲ ಮುಂದಿನ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಾಳೆ. ನಮ್ಮಿಬ್ಬರ ಮಾತು, ಜಗಳ, ಸಾರು, ಪಲ್ಯ ಎಲ್ಲಕ್ಕೂ ಆ ಕಿಟಕಿಯೇ ದಾರಿ.

ತುಮಕೂರಿನ ನಮ್ಮ ಹಳೇ ಗಲ್ಲಿಯನ್ನು ಪಾಲಿಕೆ ಕಚೇರಿಯವರು ಪಾರಂಪರಿಕ ಬೀದಿ ಎಂದು ಗುರುತಿಸಿದ್ದಾರೆ. ಬೀದಿಗೆ ಕಾಣುವ ಕಿಟಕಿ ಬದಲಾಯಿಸಿದರೆ ಮೊದಲಿನಂತೆಯೇ ಇರಬೇಕು. ಅಖ್ತರ್ ಮಗಳು ಸಾದಿಯಾ, ತನ್ನ ಶೆಟ್ಟಿಹಳ್ಳಿ ಮನೆಯಲ್ಲಿರುವಂಥ ಜಾರುವ ಗಾಜಿನ ಕಿಟಕಿ ಹಾಕಿಸೋಣ ಎಂದಳು. ಅದು ನಡೆಯಲಿಲ್ಲ. ನನಗೆ ಒಳಗೊಳಗೇ ಖುಷಿ.

ಅಖ್ತರ್ ಗಂಡ ಸರ್ದಾರ್ ಪಾಷಾ ಬಡಗಿ. ಕುಣಿಗಲ್ಲಿನಲ್ಲಿ ಕೆಡವಿದ ಮನೆಯೊಂದರ ತೇಗ ತಂದು, ಕಚೇರಿಯವರು ಕೊಟ್ಟ ಹಳೇ ಫೋಟೋ ನೋಡಿಕೊಂಡು ಹೊಸ ಕಿಟಕಿ ಮಾಡಿದರು. ಎಂಥ ಚಂದ ಅಂತೀರಿ! ಫೋಟೋದಲ್ಲಿದ್ದ ಹಾಗೇ ಐದು ಕಬ್ಬಿಣದ ಕಂಬಿ.

ಎಡವಟ್ಟಾಗಿದ್ದು ಅಲ್ಲೇ. ಹಳೇ ಕಿಟಕಿಯಲ್ಲಿ ಉಳಿದಿದ್ದದ್ದು ನಾಲ್ಕೇ. ನಡುವಿನ ಕಂಬಿ ತುಕ್ಕು ಹಿಡಿದು ಬಿತ್ತೆಂದು ಪಾಷಣ್ಣ ನಂಬಿದ್ದರು. ಅದನ್ನು ಕಿತ್ತು ಹಿತ್ತಲಿಗೆ ಎಸೆದವಳು, ಎಷ್ಟೋ ವರ್ಷಗಳ ಹಿಂದೆ, ಆಗಷ್ಟೇ ಸೊಸೆಯಾಗಿ ಬಂದಿದ್ದ ಅಖ್ತರ್. ನನಗೆ ರಂಜಾನ್ ಹಬ್ಬದ ಶ್ಯಾವಿಗೆ ಪಾಯಸ, ಶೀರ್ ಖುರ್ಮಾ ದಾಟಿಸಲು ಅವಳಿಗೊಂದು ಸಂದಿ ಬೇಕಿತ್ತು. ಯುಗಾದಿಗೆ ನನ್ನ ಒಬ್ಬಟ್ಟು ಒಳಗೆ ಹೋಗುತ್ತಿದ್ದುದೂ ಅದೇ ಸಂದಿಯಲ್ಲಿ.

ಈ ಸಲ ಹಬ್ಬದ ಬೆಳಿಗ್ಗೆ ಅಖ್ತರ್ ಬಟ್ಟಲು ತಂದಳು. ನೇರ ಹಿಡಿದರೆ ತೂರಲಿಲ್ಲ, ಓರೆ ಮಾಡಿದರೆ ಚೆಲ್ಲಿತು.

“ಆಚೆ ಬರ್ತಿಲ್ಲ ಕಣೇ,” ಎಂದವಳ ಕಣ್ಣು ತುಂಬಿತು.

ಬಾಗಿಲಿಂದ ಹೋಗಿ ತರಬಹುದಿತ್ತು, ನಿಜ. ಬಾಗಿಲಿಂದ ಹೋಗಲು ನಾನೇನು ನೆಂಟಳೇ? ನನಗೆ ಉರಿದುಹೋಯಿತು.

“ಪಾಷಣ್ಣಾ, ಕಿಟಕಿ ಮಾಡಿ ಅಂದ್ರೆ ಜೈಲು ಮಾಡಿಟ್ಟಿದೀರಲ್ಲ!”

“ಅಕ್ಕಾ, ನಾಳೆ ಕಚೇರಿಯಿಂದ ಇಂಜಿನಿಯರ್ ಮೇಡಂ ಚೆಕ್ ಮಾಡಕ್ಕೆ ಬರ್ತಾರೆ. ಒಂದು ಕಂಬಿ ಕಮ್ಮಿ ಆದ್ರೂ ಪೂರ್ತಿ ಕೀಳಿಸ್ತಾರೆ,” ಎಂದು ಅವರೂ ರೇಗಿದರು.

“ಹಳೇ ಕಂಬಿ ತುಕ್ಕು ಹಿಡಿದಿರಲಿಲ್ಲ ರೀ. ನಾನೇ ಕಿತ್ತಿದ್ದು,” ಎಂದಳು ಅಖ್ತರ್ ಮೆಲ್ಲಗೆ.

ಪಾಷಣ್ಣ ಹೆಂಡತಿಯನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಬ್ಬದ ಬಿಳಿ ಬಟ್ಟೆಯಲ್ಲೇ ಉಳಿ ಹಿಡಿದು, ನಡುವಿನ ಕಂಬಿಯ ಮೇಲಿನ ತೂತನ್ನು ಆಳ ಮಾಡಿದರು. ಈಗ ಕಂಬಿಯನ್ನು ಮೇಲಕ್ಕೆತ್ತಿ ಎಳೆದರೆ ಕೈಗೆ ಬರುತ್ತದೆ, ವಾಪಸ್ಸಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

“ಮೇಡಂ ನೋಡ್ಕೊಂಡು ಹೋಗೋವರ್ಗೂ ಯಾರೂ ಮುಟ್ಟಂಗಿಲ್ಲ,” ಎಂದು ಇಬ್ಬರಿಗೂ ತಾಕೀತು ಮಾಡಿದರು. ನನ್ನ ಬಟ್ಟಲು ಒಳಗೇ ಉಳಿಯಿತು.

ಮಾರನೇ ದಿನ ಇಂಜಿನಿಯರ್ ಶಶಿಕಲಾ ಉರಿಬಿಸಿಲಲ್ಲಿ ಬಂದರು. ಫೋಟೋ ಹಿಡಿದು ಮರ, ಬಣ್ಣ, ಕಂಬಿ ಎಲ್ಲ ತಾಳೆ ನೋಡಿ ತಲೆದೂಗಿದರು. ಕೆಲಸ ಮುಗಿಯಿತು ಅನ್ನುವಷ್ಟರಲ್ಲಿ ಅಖ್ತರ್, “ಪಾಪ, ಬಿಸಿಲಲ್ಲಿ ಬಂದಿದೀರ,” ಎನ್ನುತ್ತಾ ಕಂಬಿ ಎತ್ತಿ ಪಕ್ಕಕ್ಕಿಟ್ಟು ಬಟ್ಟಲು ಚಾಚಿಬಿಟ್ಟಳು. ಹಬ್ಬದಲ್ಲಿ ಕಿಟಕಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅವಳಿಗೆ ಅಭ್ಯಾಸವೇ ಇಲ್ಲ.

ಪಾಷಣ್ಣ ತಲೆ ಮೇಲೆ ಕೈ ಹೊತ್ತರು.

ಶಶಿಕಲಾ ಬಟ್ಟಲು ನೋಡಿದರು, ಕಂಬಿ ನೋಡಿದರು. ಬೀದಿಯಲ್ಲೇ ನಿಂತು ಕೊನೆಯ ಚಮಚದವರೆಗೂ ತಿಂದರು.

“ಆ ಕಂಬಿ ವಾಪಸ್ ಹಾಕಿ ಅಮ್ಮಾ, ಫೋಟೋ ತೆಗೀಬೇಕು,” ಎಂದರು.

ಅವರ ಫೋಟೋದಲ್ಲಿ ಐದೂ ಕಂಬಿ ಇವೆ. ಹಿಂದೆ ಅಖ್ತರ್ ನಗುತ್ತಿದ್ದಾಳೆ. ಅವರು ಗಲ್ಲಿ ತಿರುಗುವವರೆಗೂ ಕಾಯಲಾಗದೆ ನಾನು ಕಿಟಕಿಗೆ ಓಡಿದೆ.

“ಅವ್ರಿಗೆ ಕೊಟ್ಟಿದ್ದು ನನ್ ಬಟ್ಲು ಕಣೇ! ನಂದೆಲ್ಲಿ?”

ಅಖ್ತರ್ ಆಗಲೇ ಕಂಬಿ ಎತ್ತಿದ್ದಳು.